ಶೀನಿಯ ಕೈಚೀಲ, ನನ್ನ ಬೈಟೂ ಕಾಫಿ

ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು ಹಾಕಿ, ಎರಡನೇ ಸುತ್ತು ಹಾಕಬೇಕೋ ಬೇಡವೋ ಎಂದು ಚರ್ಚಿಸುತ್ತಲೇ ಹೋಟೆಲಿಗೆ ಬಂದು ಕೂರುವುದು ನಮ್ಮ ನಾಲ್ವರ ಹನ್ನೊಂದು ವರ್ಷದ ವ್ಯಾಯಾಮ. ಶೀನಿ ಬ್ಯಾಂಕಿನಿಂದ ನಿವೃತ್ತ, ನಂಜುಂಡಿ ಕರೆಂಟ್ ಆಫೀಸಿನಿಂದ, ನಾನು ಮೇಷ್ಟರ ಕೆಲಸದಿಂದ. ವನಜಕ್ಕ ಮೂವತ್ತು ವರ್ಷ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತವರು. ಡಾಕ್ಟರ ಕೈಬರಹ ಓದಿ ಓದಿ, ಅವರಿಗೆ ಅರ್ಥವಾಗದ ಲಿಪಿ ಈ ಲೋಕದಲ್ಲಿ ಉಳಿದಿಲ್ಲ.

ಮೊನ್ನೆ ಶೀನಿ ಮುಖ ಇಳಿಬಿಟ್ಟುಕೊಂಡು ಬಂದ.

"ಐಎನ್‌ಆರ್ 1.6 ಬಂದಿದೆ" ಎಂದ, ಎಸೆಸೆಲ್ಸಿ ಫೇಲಾದ ಹುಡುಗನ ದನಿಯಲ್ಲಿ. ಅವನ ಹೃದಯಕ್ಕೆ ಕೃತಕ ವಾಲ್ವ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಅಸಿಟ್ರೋಮ್ ನುಂಗಿ, ರಕ್ತ ಎಷ್ಟು ನಿಧಾನಕ್ಕೆ ಹೆಪ್ಪುಗಟ್ಟುತ್ತದೆಂದು ತೋರಿಸುವ ಆ ಅಂಕಿಯನ್ನು 2ರಿಂದ 3ರ ಒಳಗೆ ಇಟ್ಟುಕೋ ಅಂತ ಅವನ ಡಾಕ್ಟರು ಹೇಳಿದ್ದಾರೆ. ಕಡಿಮೆಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. "ನಿನ್ನೆ ಡೋಸ್ ಏರಿಸಿದಾರೆ."

"ಊಟದಲ್ಲೇನಾದ್ರೂ ಬದಲಾಯಿಸಿದ್ಯಾ?" ಎಂದರು ವನಜಕ್ಕ.

"ಅದೇ ಅನ್ನ, ಅದೇ ಹುಳಿ, ಅದೇ ಹೆಂಡ್ತಿ."

"ಬೇರೆ ಔಷಧಿ?"

"ದೇವರಾಣೆ ಇಲ್ಲ."

"ಔಷಧಿ ಅಲ್ಲದ್ದು?"

ಶೀನಿ ಇಡ್ಲಿಯನ್ನು ಚಟ್ನಿಯಲ್ಲಿ ಸುಮ್ಮನೆ ಹೊರಳಾಡಿಸಿದ. ವನಜಕ್ಕ ಇನ್ನೊಂದು ಮಾತು ಕೇಳಲಿಲ್ಲ. "ನಾಳೆ ಮೂವರೂ ಮನೇಲಿರೋ ಡಬ್ಬಿ, ಸೀಸೆ, ಪ್ಯಾಕೆಟ್ ಎಲ್ಲಾ ತಗೊಂಡ್ಬನ್ನಿ. ಗುಳಿಗೆಯ ಸ್ಟ್ರಿಪ್ಪೂ ಸೇರಿ."

ಮಾರನೇ ದಿನ ಶೀನಿ ಸೀರೆ ಅಂಗಡಿಯ ದೊಡ್ಡ ಕೈಚೀಲ ಹಿಡಿದು ಬಂದ. ಟೇಬಲ್ ಮೇಲೆ ಜೋಡಿಸಿದರೆ ಹುಡುಗನಿಗೆ ನೀರಿನ ಲೋಟ ಇಡಲು ಜಾಗವಿಲ್ಲ. ಚೀಲದ ತಳದಿಂದ ಹಸಿರು ಡಬ್ಬಿಯೊಂದು ಕೊನೆಗೆ ಬಂತು, ಅಳಿಯತನಕ್ಕೆ ಒಲ್ಲದ ಮದುಮಗನ ಹಾಗೆ. ಸೊಸೆ ಬೆಂಗಳೂರಿಂದ ತಂದುಕೊಟ್ಟ ನುಗ್ಗೆಸೊಪ್ಪಿನ ಪುಡಿ. ಒಂದೂವರೆ ತಿಂಗಳಿಂದ ದಿನಾ ಬೆಳಿಗ್ಗೆ ಎರಡು ಚಮಚ, ಮಜ್ಜಿಗೆಯಲ್ಲಿ.

"ಡಾಕ್ಟರಿಗೆ ಹೇಳಿದ್ಯಾ?"

"ಅವರು ಕೇಳಿದ್ದು ಔಷಧಿ. ಇದು ಔಷಧಿ ಅಲ್ಲ ಅಂತ ಕಂಪನಿಯವರೇ ಬರೆದಿದಾರೆ, ನೋಡಿ!" ಎಂದು ಶೀನಿ ಡಬ್ಬಿ ತಿರುಗಿಸಿದ. ನಂಜುಂಡಿ ಕನ್ನಡಕ ಹಣೆಗೇರಿಸಿ, ಕಣ್ಣಿಗೆ ಡಬ್ಬಿ ಒತ್ತಿಕೊಂಡು ಓದಿದ. ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, "ಔಷಧೀಯ ಬಳಕೆಗಲ್ಲ" ಅಂತ ಇಂಗ್ಲಿಷಿನಲ್ಲಿ ಇತ್ತು.

"ಇಂಥ ಡಬ್ಬಿ ಮೇಲೆ ಹಾಗೆ ಹಾಕಲೇಬೇಕು ಅಂತ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐ ಕಾನೂನು ಮಾರಾಯ. ಒಳಗಿರೋ ಪುಡಿ ಇಂಗ್ಲಿಷ್ ಓದ್ಕೊಂಡು ಸುಮ್ಮನಿರುತ್ತಾ?" ಎಂದರು ವನಜಕ್ಕ. "ಕಡು ಹಸಿರು ಸೊಪ್ಪಿನಲ್ಲೆಲ್ಲ ವಿಟಮಿನ್ ಕೆ ಇರುತ್ತೆ. ನಿನ್ನ ಮಾತ್ರೆ ಕೆಲಸ ಮಾಡೋದೇ ಆ 'ಕೆ'ಯ ಕಾಲು ಕಟ್ಟಿ. ನೀನು ರಾತ್ರಿ ಕಟ್ಟಿದ್ದನ್ನ ಬೆಳಿಗ್ಗೆ ಮಜ್ಜಿಗೇಲಿ ಬಿಚ್ತಿದೀಯ."

"ಹಂಗಾದ್ರೆ ಸೊಪ್ಪೇ ತಿನ್ನಬಾರದಾ? ಬಸ್ಸಾರು?"

"ತಿನ್ನು. ಪ್ರತಿವಾರ ಹೆಚ್ಚುಕಡಿಮೆ ಒಂದೇ ಅಳತೇಲಿ ತಿನ್ನು. ಸೊಪ್ಪು ತಪ್ಪಲ್ಲ, ಏರುಪೇರು ತಪ್ಪು. ಪಲ್ಯ ಆದ್ರೆ ಒಂದು ಬಟ್ಟಲಿಗೆ ಬಾಯಿ ಸಾಕಾಗುತ್ತೆ. ನೀರೆಲ್ಲ ಆರಿಸಿ ಪುಡಿ ಮಾಡಿದ್ರೆ ಹಿಡಿಗಟ್ಟಲೆ ಸೊಪ್ಪು ಒಂದು ಚಮಚದಲ್ಲಿ ಕೂತಿರುತ್ತೆ."

ಶೀನಿ ತಕ್ಷಣ ವೀರಾವೇಶದಿಂದ ಡಬ್ಬಿಯನ್ನು ಪಕ್ಕದ ಕಸದ ಬುಟ್ಟಿಗೆ ಗುರಿಯಿಟ್ಟ. ವನಜಕ್ಕ ಅವನ ಕೈ ಹಿಡಿದರು. ನನಗೆ ಆಶ್ಚರ್ಯವಾದದ್ದು ಇಲ್ಲೇ.

"ಪುಡಿ ಲೆಕ್ಕಕ್ಕೆ ಬಾರದೆ ಡೋಸ್ ಏರಿಸಿದಾರೆ. ಈಗ ನೀನು ಪುಡಿ ಪಟ್ ಅಂತ ನಿಲ್ಲಿಸಿದ್ರೆ ಆ ಕಡೆ ಎಳೆಯೋರು ಯಾರೂ ಇಲ್ಲ. ಐಎನ್‌ಆರ್ 4 ದಾಟಿ ಹಲ್ಲುಜ್ಜುವಾಗ ರಕ್ತ ಬಂದ್ರೆ ಆಮೇಲೆ ನನ್ನ ಬೈಬೇಡ. ಇಲ್ಲಿಂದಲೇ ಫೋನ್ ಮಾಡು. ಪುಡಿ, ಎರಡು ಚಮಚ, ಒಂದೂವರೆ ತಿಂಗಳು, ನಿಲ್ಲಿಸಬೇಕು ಅಂತಿದೀನಿ ಅಂತ ಹೇಳು. ಟೆಸ್ಟ್ ಯಾವಾಗ, ಮಾತ್ರೆ ಎಷ್ಟು ಅಂತ ಅವರೇ ಹೇಳ್ತಾರೆ."

ಶೀನಿ ಫೋನ್ ಹಿಡಿದು ಹೊರಗೆ ಹೋದ. ಅವನ ದನಿ ಗಾಜಿನಾಚೆಯಿಂದಲೂ ಕೇಳುತ್ತಿತ್ತು: "ಸೊಪ್ಪು ಸಾರ್, ಬರೀ ಸೊಪ್ಪು!"

ನಂಜುಂಡಿ ನಗುತ್ತಿದ್ದ. ನಗಬಾರದಿತ್ತು, ಮುಂದಿನ ಪಾಳಿ ಅವನದೇ. ಸ್ಟೆಂಟ್ ಹಾಕಿಸಿಕೊಂಡವನು, ಕ್ಲೋಪಿಡೋಗ್ರೆಲ್ ಮತ್ತು ಆಸ್ಪಿರಿನ್ ತೆಗೆದುಕೊಳ್ಳುತ್ತಾನೆ. ಜೊತೆಗೆ ಮಂಡಿಗೆಂದು ಅರಿಶಿನದ ಕ್ಯಾಪ್ಸೂಲ್, 'ಕಾಳುಮೆಣಸಿನ ಸಾರಯುಕ್ತ'.

"ನಮ್ಮಜ್ಜಿ ತೊಂಬತ್ತು ವರ್ಷ ಅರಿಶಿನ ತಿಂದಳು" ಎಂದ.

"ನಿಮ್ಮಜ್ಜಿ ಸಾರಿಗೆ ಚಿಟಿಕೆ ಹಾಕಿದಳು, ಅದೂ ಅರ್ಧ ಪಾತ್ರೆಗೆ ಅಂಟಿಕೊಳ್ತಿತ್ತು. ಬರೀ ಅರಿಶಿನದ ಸತ್ವ ನುಂಗಿದ್ರೆ ರಕ್ತಕ್ಕೆ ಸೇರೋದೇ ಅಪರೂಪ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್, ಅಂದ್ರೆ ಆ ಅರಿಶಿನದ ಸತ್ವದ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದ್ರೆ ಕಾಳುಮೆಣಸಿನ ಖಾರದ ಸತ್ವ ಕೊಟ್ಟು ನೋಡಿದ್ರು. ರಕ್ತಕ್ಕೆ ಸಿಗೋ ಪ್ರಮಾಣ ಶೇ 2000ರಷ್ಟು ಏರ್ತು. ಪ್ರಪಂಚದ ಕ್ಯಾಪ್ಸೂಲ್ ಕಂಪನಿಗಳೆಲ್ಲ ಮೆಣಸು ಬೆರೆಸೋದು ಅದಕ್ಕೇ."

"ಒಳ್ಳೇದೇ ಆಯ್ತಲ್ಲ!"

"ಕರುಳಲ್ಲಿ, ಯಕೃತ್ತಲ್ಲಿ ಒಳಗೆ ಬಂದದ್ದನ್ನ ತಡೆಯೋ ಕಾವಲುಗಾರರಿದ್ದಾರೆ. ಮೆಣಸು ಅವರ ಕಣ್ಣಿಗೇ ಖಾರ ಎರಚುತ್ತೆ. ಆಗ ಅರಿಶಿನ ಒಂದೇ ಒಳಗೆ ನುಗ್ಗಲ್ಲ. ಫಿಟ್ಸ್ ಮಾತ್ರೆ ಫೆನಿಟಾಯಿನ್, ಬಿಪಿಯ ಪ್ರೊಪ್ರನೊಲಾಲ್ ಅಂಥವೂ ಜಾಸ್ತಿ ನುಗ್ಗುತ್ವೆ. ನಿನಗೋ ರಕ್ತ ತೆಳು ಮಾಡೋಕೆ ಆಗಲೇ ಎರಡು ಮಾತ್ರೆ. ಅರಿಶಿನದ ಸತ್ವ ಜಾಸ್ತಿಯಾದ್ರೆ ಅದೂ ಅದೇ ಕೆಲಸಕ್ಕೆ ಕೈಹಾಕುತ್ತೆ."

ನಂಜುಂಡಿ ತೋಳು ಮಡಿಚಿ ಮೊಣಕೈ ಕೆಳಗೆ ತೋರಿಸಿದ. ಎರಡು ನೀಲಿ ಮಚ್ಚೆ. "ಬಸ್ಸಿನ ಕಂಬಿ ತಾಗಿದ್ದು ಅಂದ್ಕೊಂಡಿದ್ದೆ" ಎಂದ. ಆಮೇಲೆ ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಅದೂ ಹನ್ನೊಂದು ವರ್ಷದಲ್ಲಿ ಮೊದಲು.

ಮಿಕ್ಕ ಡಬ್ಬಿಗಳು ಬೇಗ ಮುಗಿದವು. ಇಸಬ್ಗೋಲ್ ಬೇರೆ ಮಾತ್ರೆಗಳನ್ನು ತಬ್ಬಿಕೊಂಡು ಕೂರುತ್ತದಂತೆ, ಮಧ್ಯೆ ಎರಡು ಗಂಟೆ ಅಂತರ ಬೇಕು. ಶುಗರ್ ಮಾತ್ರೆ ನುಂಗಿ ಮೇಲೆ ಹಾಗಲಕಾಯಿ ರಸ ಕುಡಿದು ವಾಕಿಂಗ್ ಹೊರಟರೆ, ಬರುವ ಬೆವರು ವ್ಯಾಯಾಮದ್ದೇ ಆಗಿರಬೇಕಿಲ್ಲ. ವಾರಕ್ಕೊಂದು ಎಂದು ಬರೆದುಕೊಟ್ಟ 60,000 ಯೂನಿಟ್‌ನ ವಿಟಮಿನ್ ಡಿ ಪ್ಯಾಕೆಟ್ಟನ್ನು ದಿನಕ್ಕೊಂದು ಹಾಲಿಗೆ ಹಾಕಿಕೊಂಡವರನ್ನು ವನಜಕ್ಕ ಕೌಂಟರಿನಲ್ಲಿ ಎಷ್ಟೋ ಮಂದಿ ನೋಡಿದ್ದಾರೆ. ದೇವನಹಳ್ಳಿ ಚಕ್ಕೋತದ ಮಾತೂ ಬಂತು. ಕೆನಡಾದಲ್ಲಿ ಬಿಪಿ ಮಾತ್ರೆ ಮದ್ಯದ ಜೊತೆ ಹೇಗೆ ವರ್ತಿಸುತ್ತದೆಂದು ನೋಡುವ ಪ್ರಯೋಗದಲ್ಲಿ ಮದ್ಯದ ರುಚಿ ಮರೆಸಲೆಂದು ಗ್ರೇಪ್‌ಫ್ರೂಟ್ ರಸ ಬೆರೆಸಿದರೆ, ರಸವೇ ಮಾತ್ರೆಯನ್ನು ರಕ್ತದಲ್ಲಿ ಏರಿಸಿಬಿಟ್ಟಿತಂತೆ, 1989ರಲ್ಲಿ ಪ್ರಕಟವಾದ ಪ್ರಯೋಗ. ಆ ಹಣ್ಣನ್ನು ಹೆತ್ತದ್ದೇ ಚಕ್ಕೋತದ ವಂಶ. ಕೊಲೆಸ್ಟರಾಲ್ ಮಾತ್ರೆಯವರು ಬುಟ್ಟಿಗಟ್ಟಲೆ ತರಿಸುವ ಮೊದಲು ಡಾಕ್ಟರನ್ನು ಕೇಳಿ ಎಂದರು ವನಜಕ್ಕ. ಶೀನಿ ಒಳಗೆ ಬಂದವನೇ, ನಾಲ್ಕು ದಿನದಲ್ಲಿ ಮತ್ತೆ ಟೆಸ್ಟ್ ಎಂದು ವರದಿ ಒಪ್ಪಿಸಿದ.

ನಾನು ಇಬ್ಬರಿಗೂ ಬುದ್ಧಿ ಹೇಳಲು ಬಾಯಿ ತೆರೆದೆ. "ನೋಡ್ರಯ್ಯ, ನನ್ನದು ಸ್ವಚ್ಛ. ಥೈರಾಯ್ಡ್ ಮಾತ್ರೆ ಒಂದು, ಕ್ಯಾಲ್ಸಿಯಂ ಒಂದು. ಪುಡಿಗಿಡಿ ಇಲ್ಲ."

"ಎಷ್ಟು ಹೊತ್ತಿಗೆ?" ಎಂದರು ವನಜಕ್ಕ.

"ಇಲ್ಲೇ. ಮರೆತುಹೋಗುತ್ತೆ ಅಂತ ಜೇಬಲ್ಲೇ ಇಟ್ಕೊಂಡಿರ್ತೀನಿ. ಕಾಫಿ ಬರೋ ಮುಂಚೆ ಎರಡೂ ಒಟ್ಟಿಗೆ."

"ಖಾಲಿ ಹೊಟ್ಟೇಲಿ ಅಂತ ಹೇಳಿರ್ಲಿಲ್ವಾ?"

"ಹೊಟ್ಟೆ ಖಾಲಿನೇ ಇತ್ತಲ್ಲ! ತುಂಬಿದ್ದು ಆಮೇಲೆ."

"ಎರಡು ವರ್ಷದಲ್ಲಿ ಡೋಸ್ ಎಷ್ಟಾಯ್ತು?"

"50 ಇದ್ದದ್ದು 75. ಈಗ 100." ಹೇಳುತ್ತಾ ಹೇಳುತ್ತಾ ನನ್ನ ದನಿಯೇ ಸಣ್ಣದಾಯಿತು.

"ಮಾತ್ರೆಗೂ ಕಾಫಿಗೂ ಅರ್ಧದಿಂದ ಒಂದು ಗಂಟೆ. ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ. ಡಾಕ್ಟರಿಗೆ ಹೇಳಿ ಸಮಯ ಸರಿಮಾಡ್ಕೊ, ಆರೆಂಟು ವಾರ ಬಿಟ್ಟು ಥೈರಾಯ್ಡಿನ ರಕ್ತಪರೀಕ್ಷೆ ಟಿಎಸ್‌ಎಚ್ ನೋಡಿಸು. ಮಾತ್ರೆ ನೆಟ್ಟಗೆ ಒಳಗೆ ಹೋದ್ರೆ ಆ 100 ಜಾಸ್ತಿ ಆದರೂ ಆಗಬಹುದು."

ಹುಡುಗ ಬಂದು ಎರಡು ಬೈಟೂ ಕಾಫಿ ಇಟ್ಟ. ಬ್ರೂ ಅಲ್ಲ, ಡಿಕಾಕ್ಷನ್ನಿನದು, ನೊರೆ ಲೋಟದ ಅಂಚು ದಾಟಿ ನಿಂತಿತ್ತು. ಶೀನಿ ಗೋಡೆ ಗಡಿಯಾರ ನೋಡಿದ, ನನ್ನ ಜೇಬು ನೋಡಿದ.

"ಇವತ್ತಿನ ಮಾತ್ರೆ ಯಾವಾಗ ನುಂಗಿದೆ?"

"ಈಗಷ್ಟೆ. ನಿನ್ನ ಡಬ್ಬಿ ನೋಡ್ತಾ."

ಅವನು ಮಾತಾಡದೆ ನನ್ನ ಲೋಟವನ್ನೂ ತನ್ನ ಕಡೆಗೆ ಎಳೆದುಕೊಂಡು, ಮೊದಲು ನನ್ನದನ್ನೇ ಕುಡಿದ.