ಸರಕು ರೆಡಿ ಆದ ಮೇಲೆ ಆರ್ಡರ್ ಕ್ಯಾನ್ಸಲ್, ಹಣ ಕೇಳಬಹುದಾ?

ಪ್ರಶ್ನೆ:
ದೊಡ್ಡ ರಿಟೇಲ್ ಕಂಪನಿಯೊಂದಕ್ಕೆ 4,000 ಶರ್ಟ್ ಹೊಲಿಸಿದ್ದೇವೆ. ಅವರದೇ ಲೇಬಲ್, ಅವರದೇ ಬಾರ್‌ಕೋಡ್ ಹಾಕಿ ಪೆಟ್ಟಿಗೆಗೆ ಟೇಪ್ ಅಂಟಿಸುತ್ತಿರುವಾಗ ಎರಡು ಸಾಲಿನ ಮೇಲ್ ಬಂತು: ಮಾರಾಟ ಕಡಿಮೆ, ಆರ್ಡರ್ ರದ್ದು. ಬಟ್ಟೆ ತಂದ ಸಾಲ ಹಾಗೇ ಇದೆ, ಹೊಲಿದವರಿಗೆ ಕೂಲಿ ಕೊಡಬೇಕು. ಪರ್ಚೇಸ್ ಆರ್ಡರ್ ಹಿಂದೆ ಸಣ್ಣಕ್ಷರದಲ್ಲಿ 'ಯಾವಾಗ ಬೇಕಾದರೂ ರದ್ದು ಮಾಡಬಹುದು' ಅಂತಿದೆ. ಏನು ಮಾಡಲಿ?

ಉತ್ತರ 1:
ಆ ಷರತ್ತನ್ನು ಪೂರ್ತಿ ಓದಿ. ಎಷ್ಟೋ ಒಪ್ಪಂದಗಳಲ್ಲಿ ರದ್ದು ಮಾಡಿದರೂ ಅಲ್ಲಿವರೆಗಿನ ಖರ್ಚು ಕೊಡಬೇಕು ಅಂತ ಇರುತ್ತದೆ. ಮಾರಾಟ ಕಡಿಮೆ ಅನ್ನುವುದು ಸಾಮಾನ್ಯವಾಗಿ ಫೋರ್ಸ್ ಮೆಜ್ಯೂರ್ (ಒಪ್ಪಂದ ಪಾಲಿಸಲು ಆಗದಂಥ ಕೈಮೀರಿದ ಕಾರಣ) ಆಗುವುದಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಬಾಂಗ್ಲಾದೇಶ ಒಂದರಲ್ಲೇ 300 ಕೋಟಿ ಡಾಲರ್‌ಗೂ ಜಾಸ್ತಿ ಮೌಲ್ಯದ ಬಟ್ಟೆ ಆರ್ಡರ್‌ಗಳು ರದ್ದಾದವು ಅಥವಾ ನಿಂತುಹೋದವು. ಆಮೇಲೆ ಜನರ ಒತ್ತಡ ಹೆಚ್ಚಾಗಿ ಹಲವು ಬ್ರ್ಯಾಂಡ್‌ಗಳು ಹಣ ಕೊಟ್ಟವು. ಕೇಳದೆ ಸುಮ್ನೆ ಇರಬೇಡಿ!

ಉತ್ತರ 2:
ಇವತ್ತೇ 'ರದ್ದು ಒಪ್ಪುವುದಿಲ್ಲ, ಸರಕು ಸಿದ್ಧ' ಅಂತ ಮೇಲ್ ಹಾಕಿ. ಫೋನಿನಲ್ಲಿ ಆಡಿದ ಮಾತು ಆಮೇಲೆ ಸಿಗುವುದಿಲ್ಲ. ಬಟ್ಟೆ ಬಿಲ್, ಕೂಲಿ ಪಟ್ಟಿ, ಪೆಟ್ಟಿಗೆಗಳ ಫೋಟೊ ಎಲ್ಲ ಇಟ್ಟುಕೊಳ್ಳಿ. ನಷ್ಟ ಕಡಿಮೆ ಮಾಡಲು ನೀವೂ ಪ್ರಯತ್ನಪಟ್ಟಿರಬೇಕು, ಕೋರ್ಟು ಅದನ್ನೂ ನೋಡುತ್ತದೆ. ಆದರೆ ಲೇಬಲ್ ಅವರದ್ದಲ್ವಾ, ಆ ಶರ್ಟ್‌ಗಳನ್ನು ಬೇರೆಯವರಿಗೆ ಮಾರಲು ಬರಹದಲ್ಲಿ ಒಪ್ಪಿಗೆ ತಗೊಳ್ಳಿ.

ಉತ್ತರ 3:
ಯುರೋಪಿಯನ್ ಒಕ್ಕೂಟದ 2019ರ ನಿಯಮದಲ್ಲಿ 30 ದಿನಕ್ಕಿಂತ ಕಡಿಮೆ ಸಮಯ ಕೊಟ್ಟು ರದ್ದು ಮಾಡುವಂತಿಲ್ಲ. ಆದರೆ ಅದು ಬೇಗ ಕೆಡುವ ಆಹಾರ, ಕೃಷಿ ಸರಕಿಗೆ ಮಾತ್ರ. ಬಟ್ಟೆಗೆ ಆ ರಕ್ಷಣೆ ಇಲ್ಲ, ನನಗೆ ಇದು ದೊಡ್ಡ ಅನ್ಯಾಯ ಅನಿಸುತ್ತದೆ.

ಪ್ರಶ್ನೆ ಕೇಳಿದವರು:
ಮೇಲ್ ಹಾಕಿದೆ. ಲೇಬಲ್ ವಿಷಯ ಹೊಳೆದೇ ಇರಲಿಲ್ಲ, ತುಂಬ ಉಪಕಾರವಾಯಿತು.