125 ಗ್ರಾಂ ಬ್ರೆಡ್ಡನ್ನು ರಂಗದ ಮೇಲೆ ತೋರಿಸುವುದು ಹೇಗೆ? (ಲೆನಿನ್‌ಗ್ರಾಡ್ ಮುತ್ತಿಗೆ, ದಾಖಲೆ ನಾಟಕ)

ಹೊಸರಂಗ:
ಲೆನಿನ್‌ಗ್ರಾಡ್ ಮುತ್ತಿಗೆಯ (1941–44, ಜರ್ಮನ್ ಸೇನೆ ಸುತ್ತುವರಿದು ಈ ಸೋವಿಯತ್ ನಗರ ಹಸಿವಿಗೆ ಸಿಕ್ಕಿದ ಕಾಲ) ದಿನಚರಿ, ಪತ್ರ, ಪಡಿತರದ ಆದೇಶಗಳನ್ನಷ್ಟೇ ಬಳಸಿ ಒಂದು ಗಂಟೆಯ ನಾಟಕ ಕಟ್ಟುತ್ತಿದ್ದೇವೆ. ಐವರು ನಟರು, ಚಿಕ್ಕ ಸಭಾಂಗಣ, ಮೂರು ಕಡೆ ಪ್ರೇಕ್ಷಕರು. ಒಂದು ದೃಶ್ಯದಲ್ಲಿ ಆ ದಿನದ ಪಡಿತರವಾದ 125 ಗ್ರಾಂ ಬ್ರೆಡ್ ತೂಗಿ ಹಂಚಬೇಕು. ಅಂಗಡಿ ಬ್ರೆಡ್ಡಿನಲ್ಲಿ 125 ಗ್ರಾಂ ಅಂದರೆ ನಾಲ್ಕೈದು ಹೋಳು. ಅಷ್ಟನ್ನು ನೋಡಿದವರಿಗೆ ಹಸಿವಿನ ಅಂದಾಜೇ ಸಿಗುವುದಿಲ್ಲ. ಏನು ಮಾಡಬಹುದು? ಒಲೆಯ ಮೇಲೆ ನಿಜವಾಗಿ ಏನಾದರೂ ಬೇಯಿಸಬಹುದೇ?

ಪರಿಕರ_ಪೆಟ್ಟಿಗೆ:
ಆ ಬ್ರೆಡ್ ಒದ್ದೆ, ಭಾರ. ಹಿಟ್ಟು ಸಾಲದೆ ಹತ್ತಿಬೀಜದ ಹಿಂಡಿ, ತೌಡು, ಮರದ ಸೆಲ್ಯುಲೋಸ್ ಬೆರೆಸುತ್ತಿದ್ದರು. 125 ಗ್ರಾಂ ಎಂದರೆ ಅಂಗೈಯಗಲದ, ಬೆರಳು ದಪ್ಪದ ಒಂದೇ ಹೋಳು.

ಬ್ರೆಡ್ಡನ್ನು ನೀವೇ ಮಾಡಿಕೊಳ್ಳಿ: ಗೋಧಿ ಹಿಟ್ಟು 300 ಗ್ರಾಂ, ರಾಗಿ ಹಿಟ್ಟು 150, ಗೋಧಿ ತೌಡು 50, ಉಪ್ಪು 6, ಒಣ ಯೀಸ್ಟ್ 3, ನೀರು 400 ಮಿಲಿ. ಒಂದು ಗಂಟೆಗಿಂತ ಹೆಚ್ಚು ಉಬ್ಬಲು ಬಿಡಬೇಡಿ. ಡಬ್ಬಿಯಲ್ಲಿ ಹಾಕಿ 200 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಿದರೆ ಆರು ಪಾಲು ಸಿಗುತ್ತದೆ. ಹಿಂದಿನ ದಿನವೇ ಮಾಡಿಡಿ, ಬಿಸಿಯಿದ್ದಾಗ ಕೊಯ್ದರೆ ಚಾಕುವಿಗೆ ಮೆತ್ತಿಕೊಳ್ಳುತ್ತದೆ. ರಾಗಿ ಹೆಚ್ಚಿಸಿದರೆ ಅಂಟು ಕಡಿಮೆಯಾಗಿ ತಕ್ಕಡಿಯ ಮೇಲೆಯೇ ಪುಡಿಯಾಗುತ್ತದೆ.

ಡಿಜಿಟಲ್ ತಕ್ಕಡಿ ಬೇಡ, ಎರಡು ತಟ್ಟೆಯದು ತನ್ನಿ. ಮೊದಲು ಸ್ವಲ್ಪ ಕಡಿಮೆ ಕೊಯ್ದು, ಆಮೇಲೆ ತೂಕ ತುಂಬಲು ಒಂದು ಚೂರು ಸೇರಿಸಿ. ಮುಳ್ಳು ನಿಲ್ಲುವವರೆಗೆ ಯಾರೂ ಮಾತಾಡಬಾರದು.

ಕಡತಪ್ರಿಯ:
ಬ್ರೆಡ್ಡಿಗಿಂತ ಮೊದಲು ಪಠ್ಯ ಸರಿಮಾಡಿಕೊಳ್ಳಿ. "ಎಲ್ಲರಿಗೂ 125 ಗ್ರಾಂ" ಎಂದು ಬರೆದರೆ ತಪ್ಪು. 1941ರ ನವೆಂಬರ್ 20ರಿಂದ ಕಾರ್ಮಿಕರಿಗೆ 250 ಗ್ರಾಂ. ಕಚೇರಿ ನೌಕರರು, ಅವಲಂಬಿತರು, ಮಕ್ಕಳಿಗೆ 125. ಡಿಸೆಂಬರ್ 25ರಂದು ಅದು 350 ಮತ್ತು 200 ಆಯಿತು. ಒಂದೇ ಮನೆಯಲ್ಲಿ ಮಗಳಿಗೆ ಕಾರ್ಮಿಕರ ಕಾರ್ಡು, ತಾಯಿಗೆ ಅವಲಂಬಿತರ ಕಾರ್ಡು ಇದ್ದರೆ ಯಾರ ಪಾಲು ಯಾರಿಗೆ? ನಿಮ್ಮ ದೃಶ್ಯ ಇರುವುದು ಅಲ್ಲಿ. ತಕ್ಕಡಿಯಲ್ಲಿ ಎರಡೂ ಪಾಲನ್ನು ಒಂದರ ಹಿಂದೊಂದು ತೂಗಿ.

ಆದೇಶಗಳನ್ನು ಒಬ್ಬನೇ ನಟ, ಏರಿಳಿತವಿಲ್ಲದೆ ಓದಲಿ. ದಿನಚರಿಯ ಸಾಲುಗಳಿಗೆ ನಡುವೆ ನಿಮ್ಮ ವಾಕ್ಯ ಸೇರಿಸಬೇಡಿ. ಕತ್ತರಿಸಬಹುದು, ಜೋಡಿಸಬಹುದು, ಹೊಸದು ಬರೆದರೆ ಅದು ದಾಖಲೆಯಾಗಿ ಉಳಿಯುವುದಿಲ್ಲ. ಇಂಗ್ಲಿಷಿನಿಂದ ಅನುವಾದಿಸುತ್ತಿದ್ದರೆ ರಷ್ಯನ್ ಬಲ್ಲವರಿಂದ ಒಮ್ಮೆ ತಾಳೆ ನೋಡಿಸಿ. ಅಳತೆ, ಕಾರ್ಡಿನ ವರ್ಗ, ತಾರೀಖು ತಪ್ಪುವುದು ಅಲ್ಲೇ.

ನಟರಿಗೊಂದು ಮಾತು: ನರಳುವುದು ಬೇಡ. ಹಸಿವಿನಿಂದ ಅನೇಕರ ಮುಖ, ಕಾಲು ಬಾತುಕೊಂಡಿತ್ತು, ನಡಿಗೆ ನಿಧಾನವಾಗಿತ್ತು. ನಿಧಾನ ಸಾಕು.

ಬೆಳಕು_ವಯರಿಂಗ್:
ಬೆಂಕಿ ಬೇಡ. ಆ ಕಾಲದ ಪುಟ್ಟ ಕಬ್ಬಿಣದ ಒಲೆ 'ಬುರ್ಜುಯ್ಕಾ'ದ ಮಾದರಿಯನ್ನು ತಗಡಿನಲ್ಲಿ ಮಾಡಿಸಿ, ಮೇಲ್ಭಾಗ ತೆರೆದಿಟ್ಟು ಒಳಗೆ ಇಂಡಕ್ಷನ್ ಕೂರಿಸಿ. ಅದರ ಮೇಲೆ ತಗಡು ಬಂದರೆ ತಗಡೇ ಕಾಯುತ್ತದೆ. ಗಾಳಿಗೆ ಕೆಳಗೆ ಜಾಗ ಬಿಡಿ. ಇಂಡಕ್ಷನ್ 1500–2000 ವ್ಯಾಟ್ ಎಳೆಯುತ್ತದೆ, ದೀಪಗಳ ಡಿಮ್ಮರ್ (ಬೆಳಕು ಏರಿಳಿಸುವ ಸಾಧನ) ಲೈನಿಗೆ ಎಂದೂ ಸಿಕ್ಕಿಸಬೇಡಿ, ಎರಡೂ ಕೆಡಬಹುದು. ನೇರ ಲೈನ್ ಎಳೆಸಿ.

ಜನ ಬಡಗಿಯ ಅಂಟನ್ನು ಕುದಿಸಿ ತಿಂದ ಪ್ರಸಂಗ ಇದ್ದರೆ, ಈಗಿನ ಅಂಟು ಕುದಿಸಲೇಬೇಡಿ, ಹೊಗೆ ಅಪಾಯ. ಒಂದು ಲೀಟರ್ ನೀರಿಗೆ 10 ಗ್ರಾಂ ಅಗರ್ (ಕಡಲಪಾಚಿಯ ಜೆಲ್ಲಿ ಪುಡಿ), ಬಣ್ಣಕ್ಕೆ ಟೀ ಡಿಕಾಕ್ಷನ್, ವಾಸನೆಗೆ ಎರಡು ಪಲಾವ್ ಎಲೆ.

ಸದ್ದಿಗೆ ರೇಡಿಯೋ ಮೆಟ್ರೊನೋಮ್ (ಆಗ ರೇಡಿಯೋದಲ್ಲಿ ಕೇಳಿಸುತ್ತಿದ್ದ ಟಿಕ್ ಟಿಕ್ ಬಡಿತ) ಮರೆಯಬೇಡಿ: ನಿಧಾನದ ಬಡಿತ ಅಂದರೆ ಅಪಾಯವಿಲ್ಲ, ವೇಗದ್ದು ವಾಯುದಾಳಿ. ನಿಮಿಷಕ್ಕೆ 50ರಲ್ಲಿ ಶುರುಮಾಡಿ.

ಹೊಸರಂಗ:
ತುಂಬ ಉಪಕಾರವಾಯಿತು. ಪ್ರೇಕ್ಷಕರಿಗೂ ಒಂದೊಂದು ತುಂಡು ಕೊಡಬಹುದೇ?

ಕಡತಪ್ರಿಯ:
ತಿನ್ನಲು ಬೇಡ. ರುಚಿ ನೋಡಿ ಚರ್ಚೆ ಶುರುವಾದರೆ ದೃಶ್ಯ ಚದುರುತ್ತದೆ, ಗೋಧಿ ಆಗದವರೂ ಇರುತ್ತಾರೆ. 125 ಗ್ರಾಂನ ಒಂದು ಹೋಳನ್ನು ಬಟ್ಟೆಯಲ್ಲಿ ಸುತ್ತಿ ಸಾಲಿನಿಂದ ಸಾಲಿಗೆ ಕೈ ಬದಲಿಸಿ.