ಸ್ಪಂಜು ಮೂಳೆ ಮಾಡೆಲ್: ಅಬಾಕಸ್‌ನಲ್ಲಿ ಸಿಂಗ್ಯುಲಾರಿಟಿ, ನೋಡ್‌ಗಳು ಹಾರಿಹೋಗುತ್ತಿವೆ

ಕಾಳಿ_ದಂಡೆ, ಕಾರವಾರ
ತಲೆ ಕೆಟ್ಟುಹೋಗಿದೆ. ಅಬಾಕಸ್ (ವಸ್ತುವನ್ನು ಸಣ್ಣ ಎಲಿಮೆಂಟ್‌ಗಳಾಗಿ ಒಡೆದು ಬಲ, ಬಾಗು ಲೆಕ್ಕ ಹಾಕುವ ತಂತ್ರಾಂಶ) ಮಾತು ಕೇಳುತ್ತಿಲ್ಲ. ಬೆನ್ನುಮೂಳೆಯ 5 ಮಿ.ಮೀ. ಘನ, ಮೈಕ್ರೋ-ಸಿ.ಟಿ. ಸ್ಕ್ಯಾನಿನಿಂದ ನೇರ ವಾಕ್ಸೆಲ್ ಮೆಶ್ (ಚಿತ್ರದ ಒಂದೊಂದು ಘನಚುಕ್ಕೆಯೂ ಒಂದು ಎಲಿಮೆಂಟ್), 40 ಸಾವಿರ ಎಲಿಮೆಂಟ್. ಕೆಳಮುಖ ಪೂರ್ತಿ ಫಿಕ್ಸ್, ಮೇಲ್ಮುಖ 0.025 ಮಿ.ಮೀ. ಒತ್ತಿದ್ದೇನೆ. ನ್ಯೂಮರಿಕಲ್ ಸಿಂಗ್ಯುಲಾರಿಟಿ (ಸಮೀಕರಣಕ್ಕೆ ಒಂದೇ ಉತ್ತರ ಸಿಗದು ಎಂಬ) ವಾರ್ನಿಂಗ್ ಸಾಲುಸಾಲು. ಕೆಲವು ನೋಡ್ (ಎಲಿಮೆಂಟಿನ ಮೂಲೆಬಿಂದು) ಘನವನ್ನೇ ಬಿಟ್ಟು ಓಡಿವೆ. ಬಾಕಿ ಎಲ್ಲ ಸರಿ ಇದೆ.

ಮಾರಿಗುಡಿ_ಮೆಶ್, ಶಿರಸಿ
ಯೂನಿಟ್ ನೋಡಿ. ಸ್ಕ್ಯಾನ್ ಮೈಕ್ರಾನ್‌ನಲ್ಲಿ, ಮಾಡ್ಯುಲಸ್ (ಮೂಳೆಯ ಬಿಗಿತ) ಮೆಗಾಪಾಸ್ಕಲ್‌ನಲ್ಲಿ. ಯಾವಾಗಲೂ ಇದೇ ಕತೆ.

ಕಾಳಿ_ದಂಡೆ
ಎಲ್ಲ ಮಿ.ಮೀ., ಮಾಡ್ಯುಲಸ್ 15000 ಮೆಗಾಪಾಸ್ಕಲ್, ಪಾಯಿಸನ್ (ಒತ್ತಿದಾಗ ಅಡ್ಡಕ್ಕೆ ಉಬ್ಬುವ ಅನುಪಾತ) 0.3.

ಮಾರಿಗುಡಿ_ಮೆಶ್
ಆದರೂ ಇನ್‌ಪುಟ್ ಫೈಲ್ ತೆರೆದು ಒಂದು ಎಲಿಮೆಂಟಿನ ಅಂಚು ಅಳೆಯಿರಿ.

ಅಘನಾಶಿನಿ
ಎಂತಕ್ಕೆ ಮಾರಾಯ್ರೆ ಯೂನಿಟ್ ಹಿಡಿದು ಕೂತಿದ್ದೀರಿ? ಲೀನಿಯರ್ ಮಾಡೆಲ್, ಎಲ್ಲ ಕಡೆ ಒಂದೇ ಮಾಡ್ಯುಲಸ್, ಕೊಟ್ಟಿರುವುದು ಬಲವಲ್ಲ, ಸರಿಯುವ ದೂರ (ಡಿಸ್‌ಪ್ಲೇಸ್‌ಮೆಂಟ್). ಮಾಡ್ಯುಲಸ್ ಸಾವಿರ ಪಟ್ಟು ತಪ್ಪಿದರೂ ಸ್ಟ್ರೇನ್ (ಉದ್ದ ಎಷ್ಟು ಪಾಲು ಬದಲಾಯಿತು ಎಂಬುದು) ಅಷ್ಟೇ ಬರುತ್ತದೆ, ಬದಲಾಗುವುದು ಬಲ ಮಾತ್ರ.

ಕಾಳಿ, ವಾಕ್ಸೆಲ್ ಅಳತೆ ಹೇಳಲೇ ಇಲ್ಲ. ಮೂಳೆಯ ಪಾಲು 12% ಹಿಡಿದರೆ 15 ಘನ ಮಿ.ಮೀ.; ಅದನ್ನು 40 ಸಾವಿರಕ್ಕೆ ಹಂಚಿದರೆ ಅಂಚು ಸುಮಾರು 72 ಮೈಕ್ರಾನ್. ಸ್ಕ್ಯಾನ್ 36 ಇತ್ತೇ? ಥ್ರೆಶೋಲ್ಡ್ (ಮೂಳೆ, ಖಾಲಿ ಎಂದು ಚಿತ್ರ ಬೇರ್ಪಡಿಸುವುದು) ಮಾಡಿದ ಮೇಲೆ 2×2×2, ಅಂದರೆ ಎಂಟು ವಾಕ್ಸೆಲ್ ಒಂದಾಗಿ ಕುಗ್ಗಿಸಿದಿರೇ? 120 ಮೈಕ್ರಾನ್ ದಪ್ಪದ ಎಳೆಗೆ ಎರಡು ಎಲಿಮೆಂಟೂ ಸಿಗದು, ಎಳೆ ತುಂಡಾಗುತ್ತದೆ. ತೇಲುವ ಚೂರಿಗೆ ಆಧಾರವೇ ಇಲ್ಲ, ಸಿಂಗ್ಯುಲಾರಿಟಿ ಅಲ್ಲಿಂದ.

ಕಾಳಿ_ದಂಡೆ
ಕುಗ್ಗಿಸಿದ್ದು ಹೌದು, ಅದು ಮಾಮೂಲಿಯಲ್ಲವೇ? ಚೂರು ತೆಗೆದಿದ್ದೇನೆ, ದೊಡ್ಡ ತುಂಡು ಒಂದೇ ಉಳಿಸಿದ್ದು.

ಅಘನಾಶಿನಿ
ಒಂದು ವಾಕ್ಸೆಲ್ಲಿಗೆ ಎಷ್ಟು ನೆರೆ ಲೆಕ್ಕ ಹಿಡಿದು ತೆಗೆದಿರಿ? 26 ಆದರೆ ಮೂಲೆ ತಾಗಿದ ವಾಕ್ಸೆಲ್ಲೂ ಅದೇ ತುಂಡು. ಒಂದೇ ನೋಡ್‌ನಲ್ಲಿ ತೂಗುವ ಚೂರು ಮೂರೂ ದಿಕ್ಕಿಗೆ ತಿರುಗುತ್ತದೆ. ಅಂಚಷ್ಟೇ ತಾಗಿದ್ದು ಬಾಗಿಲಿನ ಕೀಲು. ಇಮೇಜ್‌ಜೆ ಚಿತ್ರ ತಂತ್ರಾಂಶ, ಅದರ ಮಾರ್ಫೋಲಿಬ್‌ಜೆ ಪ್ಲಗಿನ್, 6-ನೆರೆ (ಮುಖ ತಾಗಿದ್ದಷ್ಟೇ ಒಂದು ತುಂಡು) ಲೇಬಲಿಂಗ್, ದೊಡ್ಡದನ್ನು ಉಳಿಸಿ. ಇದನ್ನು ಕುಗ್ಗಿಸಿದ ನಂತರ ಮಾಡಬೇಕು, ಮೊದಲಲ್ಲ. ಕುಗ್ಗಿಸಲೇಬೇಕೆಂದಿದ್ದರೆ ಗ್ರೇ ಚಿತ್ರವನ್ನೇ ಕುಗ್ಗಿಸಿ, ಆಮೇಲೆ ಥ್ರೆಶೋಲ್ಡ್. 36ರಲ್ಲೇ ಓಡಿಸಿದರೆ 3.2 ಲಕ್ಷ ಎಲಿಮೆಂಟ್, ಅಷ್ಟೇ.

ಗೋಕರ್ಣ_ಗ್ರಿಡ್
ವಾಕ್ಸೆಲ್ ಬಿಟ್ಟು ಟೆಟ್ರಾ (ನಾಲ್ಕು ಮುಖದ ಎಲಿಮೆಂಟ್) ಮಾಡಿ. ಮೆಟ್ಟಿಲು ಮೆಟ್ಟಿಲು ಮೇಲ್ಮೈಯ ಸ್ಟ್ರೇನ್ ನಂಬುವುದು ಹೇಗೆ? ನನ್ನಲ್ಲಿ 128 ಜಿಬಿ ರ‍್ಯಾಮ್, 32 ಕೋರ್, ಕ್ವಾಡ್ರಾಟಿಕ್ ಟೆಟ್ರಾ ಸಲೀಸಾಗಿ ಓಡುತ್ತದೆ.

ಮಾರಿಗುಡಿ_ಮೆಶ್
ಮಳೆಗಾಲದಲ್ಲಿ ಶಿರಸಿ ಕರೆಂಟಿಗೆ 32 ಕೋರ್ ಯಾವ ಯುಪಿಎಸ್ ತಡೆದೀತು? ಮೆಟ್ಟಿಲಿನ ತುದಿಯ ಒಂದು ಎಲಿಮೆಂಟ್ ನೋಡಬೇಡಿ, ಹಂಚಿಕೆ ನೋಡಿ. ಪಿಸ್ಟೋಯಾ ಮತ್ತು ಸಂಗಡಿಗರ 2002ರ ಪ್ರಬಂಧದ ಲೆಕ್ಕ: 2% ಮೂಳೆ 7000 ಮೈಕ್ರೋಸ್ಟ್ರೇನ್ (0.7%) ದಾಟಿದರೆ ಮುರಿತ.

ಅಘನಾಶಿನಿ
ಅದು ಮಣಿಕಟ್ಟಿನ ರೇಡಿಯಸ್ ಮೂಳೆಗೆ ಹೊಂದಿಸಿದ್ದು. ಬೆನ್ನುಮೂಳೆಯ ಘನಕ್ಕೆ ಹಾಗೇ ಅಂಟಿಸಬೇಡಿ.

ಮಾರಿಗುಡಿ_ಮೆಶ್
ಅಂಟಿಸಿ ಎಂದವರು ಯಾರು?

ಕಾಳಿ_ದಂಡೆ
6-ನೆರೆ ಕೊಟ್ಟೆ, ವಾರ್ನಿಂಗ್ ನಿಂತವು. ಆದರೆ ಘನದ ಒಟ್ಟು ಮಾಡ್ಯುಲಸ್ ನಿರೀಕ್ಷೆಗಿಂತ ಕಡಿಮೆ. ಯಾಕೆ?

ಅಘನಾಶಿನಿ
ಇನ್ನೂ 72ರಲ್ಲೇ ಓಡಿಸಿದ್ದಾ? ಹಾಗಿದ್ದರೆ ಕಡಿದ ಎಳೆಗಳು ಹೊರೆ ಹೊರುತ್ತಿಲ್ಲ. 36ರಲ್ಲೂ ಕಡಿಮೆ ಬಂದರೆ ಪಕ್ಕದ ಮುಖ ನೋಡಿ: ಕತ್ತರಿಸಿದ ಎಳೆಗೆ ಅಲ್ಲಿ ಆಸರೆಯಿಲ್ಲ.

ಗೋಕರ್ಣ_ಗ್ರಿಡ್
ಟೆಟ್ರಾ ಆಗಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ.